ಜಾಕಿಗೆ ಹಚ್ಚಿದ ಅರಗು

ಗೊಂಬೆಗೆ ಹಚ್ಚೋ ಅರಗನ್ನ ಜಾಕಿಗೆ ಹಚ್ಚಿದರು, ಅದಕ್ಕೆ ನನ್ನ ಮಗನ ಕೈ ಮುರೀತು. ಮಿಕ್ಕಿದ್ದೆಲ್ಲ ಬರೀ ಮಾತು. ಶನಿ ಕಾಟ ಅಂದೋರು ಇದ್ದಾರೆ, ಗ್ಯಾರೇಜಿನ ಬಾಗಿಲಿನ ದಿಕ್ಕು ಸರಿಯಿಲ್ಲ ಅಂದೋರೂ ಇದ್ದಾರೆ. ಅವರ್ಯಾರೂ ಅಲ್ಲಿರಲಿಲ್ಲ. ನಾನಿದ್ದೆ.

ಚನ್ನಪಟ್ಟಣದಲ್ಲಿ ಸಾತನೂರು ರಸ್ತೆಗೆ ನನ್ನ ಕಿರಿಮಗನ ಗ್ಯಾರೇಜು. ಗಾಡಿ ಎತ್ತೋಕೆ ನೆಲದ ಮೇಲೆ ಉರುಳೋ ಟ್ರಾಲಿ ಜಾಕಿ ಒಂದೈತೆ. ಅದು ಅಂಗಡಿಯಿಂದ ಬಂದ ಹಾಗೆ ಒಂದು ದಿನವೂ ಇರಲಿಲ್ಲ. ಹಿಡಿ ಗಿಡ್ಡ ಅಂತ ಹಳೇ ಬೋರ್‌ವೆಲ್ ಪೈಪು ಸಿಕ್ಕಿಸಿ ಉದ್ದ ಮಾಡಿದ. ಎತ್ತರ ಸಾಲದು ಅಂತ ಎದುರುಗಡೆ ವೆಲ್ಡಿಂಗ್‌ನವನ ಹತ್ತಿರ ಕಬ್ಬಿಣದ ತುಂಡು ಕೊಳವೆ ಮಾಡಿಸಿ ಜಾಕಿ ತಲೆ ಮೇಲೆ ಕೂರಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಆಗೋದು. ಕಬ್ಬಿಣ ತಗುಲಿ ಕಾರಿನ ತಳ ಗೀಚುತ್ತೆ ಅಂತ ಕಾರಿನೋರು ಗಲಾಟೆ ತೆಗೆದರು. ಕೊಳವೆ ಮೇಲೆ ಇಡೋಕೆ ಮರದ ಬಟ್ಟಲು ಬೇಕು ಅಂತ ಹಿಂದಿನ ಬೀದೀಲಿ ಮರದ ಗೊಂಬೆ ಮಾಡೋ ಸಾಬರಿಗೆ ಹೇಳಿದ.

ಸಾಬರು ಹಾಲೆ ಮರ ಕಡೆದು ಬಟ್ಟಲು ಮಾಡಿದರು. ಮಾಡಿ ಸುಮ್ಮನೆ ಕೊಡಲಿಲ್ಲ. ಅವರ ಲೇತಿನ ಮೇಲೆ ಹತ್ತಿದ್ದು ಬಣ್ಣ ಇಲ್ಲದೆ ಇಳಿಯೋದೇ ಇಲ್ಲ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಕೆಂಪು ಏರಿಸಿದರು, ಅಂಚಿಗೆ ಹಳದಿ ಪಟ್ಟೆ ಕೊಟ್ಟರು, ಆಮೇಲೆ ತಾಳೆಗರಿ ಹಿಡಿದು ಮುಖ ಕಾಣೋ ಹಾಗೆ ಉಜ್ಜಿದರು. ನನ್ನ ಮೊಮ್ಮಗಳು ಅದನ್ನ ಅಡುಗೆ ಆಟಕ್ಕೆ ಕೇಳಿದಳು.

"ದುಡಿಯೋ ಸಾಮಾನಿಗೆ ಮದುವಣಗಿತ್ತಿ ಸಿಂಗಾರ ಯಾಕ್ಲಾ?" ಅಂದೆ.

"ಚೆನ್ನಾಗೈತೆ ಸುಮ್ಕಿರವ್ವ. ಬಂದೋರೆಲ್ಲ ಫೋಟೊ ಹೊಡ್ಕೊತಾವ್ರೆ," ಅಂದ.

ಆವತ್ತು ಮಧ್ಯಾಹ್ನ ಊಟ ತಗೊಂಡು ಹೋಗಿದ್ದೆ. ಉಯ್ಯಂಬಳ್ಳಿ ಕಡೆಯಿಂದ ರೇಷ್ಮೆ ಗೂಡು ತುಂಬಿದ ಪಿಕಪ್ ಗಾಡಿ ಬಂದು ನಿಂತಿತ್ತು. ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದಂತೆ. ಹರಾಜು ಮುಗಿಯೋದರೊಳಗೆ ರಾಮನಗರದ ಮಾರ್ಕೆಟ್ಟು ಸೇರಬೇಕು ಅಂತ ಡ್ರೈವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಮಗ ಜಾಕಿ ತಳ್ಳಿ ಗಾಡಿ ಎತ್ತಿದ. ಕಾರಿಗೆ ಅಂತ ಇಟ್ಟ ಬಟ್ಟಲನ್ನ ತೆಗೀಲೇ ಇಲ್ಲ. ಚಕ್ರ ಬಿಚ್ಚಿ ಪಕ್ಕಕ್ಕೆ ಮಲಗಿಸಿದ. ಯಾವತ್ತೂ ಗಾಡಿ ಕೆಳಗೆ ಎರಡು ಸೈಜುಗಲ್ಲು ಕೊಟ್ಟೇ ಒಳಗೆ ಹೋಗೋನು, ಆವತ್ತು ಹಂಗೇ ನುಗ್ಗಿದ. ಕಾಲು ಮಾತ್ರ ಆಚೆ ಕಾಣ್ತಿತ್ತು.

"ಕಲ್ಲು ಮಡಗ್ಲಾ," ಅಂದೆ.

"ಎಲ್ಡು ನಟ್ಟು ಕಣವ್ವ. ಈಗ ಬತ್ತೀನಿ."

ಗಾಡಿ ಪಕ್ಕ ನೆಲದ ಮೇಲೆ ಕೂತಿದ್ದ ನನಗೆ ಬಟ್ಟಲು ನೇರ ಕಾಣ್ತಿತ್ತು. ಗಾಡಿಯಿಂದ ಎಣ್ಣೆ ತೊಟ್ಟಿಕ್ಕಿ ಅದರ ಅಂಚು ಇನ್ನಷ್ಟು ಮಿನುಗ್ತಿತ್ತು. ಅಷ್ಟರಲ್ಲಿ ಡ್ರೈವರು ಫೋನು ತಗೊಳ್ಳೋಕೆ ಅಂತ ಗಾಡಿ ಬಾಗಿಲು ತೆಗೆದು ಮೇಲೆ ಕಾಲಿಟ್ಟ. ಗಾಡಿ ಒಸಿ ಅಲ್ಲಾಡಿತು. ಹಳದಿ ಪಟ್ಟೆ ಓರೆಯಾಯಿತು.

"ಇಳಿಯೋ ಮುಂಡೇದೇ!" ಅಂತ ಕೂಗಿದೆ. ಅವನು ಗಾಬರಿಯಲ್ಲಿ ಧೊಪ್ಪನೆ ನೆಗೆದ. ಗಾಡಿ ಇನ್ನೊಂದು ಸಲ ಕುಲುಕಿತು.

ಬಿಚ್ಚಿಟ್ಟ ಚಕ್ರ ನನ್ನ ಕಾಲ ಹತ್ತಿರವೇ ಇತ್ತು. ಕೂತಲ್ಲೇ ಎರಡೂ ಕಾಲು ಕೊಟ್ಟು ಒದ್ದೆ. ಅದು ಗಾಡಿ ಕೆಳಗೆ ಜರುಗೋದಕ್ಕೂ, ಬಟ್ಟಲು ಸಾಬೂನಿನ ಹಾಗೆ ಜಾರಿ ಹಾರೋದಕ್ಕೂ ಸರಿಹೋಯಿತು. ಗಾಡಿ ಚಕ್ರದ ಮೇಲೆ ಕುಸಿದು ನಿಂತಿತು. ನಿಂತಿತೋ ಇನ್ನೂ ಇಳೀತದೋ ತಿಳಿಯಲಿಲ್ಲ.

"ಉಸಿರು ಐತೇನ್ಲಾ?"

ಒಳಗಿಂದ, "ಕೈ... ಕೈ ಸಿಕ್ಕೊಂಡೈತೆ ಕಣವ್ವ."

ಡ್ರೈವರು ಅಳ್ತಾ ಬಂದು ಅವನ ಕಾಲು ಹಿಡಿದು ಎಳೆಯೋಕೆ ಹೋದ. ಬೆನ್ನಿಗೊಂದು ಬಿಟ್ಟೆ. "ಎಳದ್ರೆ ಕೈ ಒಳಗೇ ಉಳೀತದೆ. ಜಾಕಿ ಹಿಡಿ."

ಮತ್ತೆ ಅದೇ ಜಾಕಿಯಲ್ಲೇ ಎತ್ತಬೇಕಿತ್ತು, ಬೇರೆ ಇರಲಿಲ್ಲ. ತಲೆ ಮೇಲಿನ ಕೊಳವೆ ಕಿತ್ತು ಎಸೆದೆ. ಗಾಡಿ ಕೆಳಗಿಳಿದಿತ್ತಲ್ಲ, ಎತ್ತರ ಬೇಕಿರಲಿಲ್ಲ. ಬರೀ ಕಬ್ಬಿಣದ ಮೇಲೆ ಗೋಣಿ ತಾಟು ಮಡಿಸಿ ಹಾಕಿದೆ. ಡ್ರೈವರು ಹಿಡಿ ಹಿಡಿದು ಅಳ್ತಾನೇ ನಿಂತಿದ್ದ. ಅವನನ್ನ ಪಕ್ಕಕ್ಕೆ ತಳ್ಳಿ ನಾನೇ ಒತ್ತಿದೆ. ಪೈಪು ಉದ್ದ ಇದ್ದದ್ದಕ್ಕೆ ನನ್ನ ಕೈಲಾಯಿತು. ಒಂದೊಂದು ಸಲ ಒತ್ತಿದಾಗಲೂ ಕಣ್ಣು ಗೋಣಿ ತಾಟಿನ ಮೇಲೇ. ಅದು ಜಾರಲಿಲ್ಲ. ಮೇಲೆದ್ದಷ್ಟಕ್ಕೂ ಡ್ರೈವರಿಂದ ಕಲ್ಲು ಕೊಡಿಸಿದೆ.

"ಬಂತವ್ವ, ಬಂತು," ಅಂದ ಒಳಗಿಂದ. ಆಗ ಎಳೆದೆವು. ಮೊಣಕೈ ಕೆಳಗೆ ಮೂಳೆ ಎರಡಾಗಿತ್ತು. ಎದೆ, ತಲೆ ನೆಟ್ಟಗಿದ್ದವು.

ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿ ಕರ್ಕೊಂಡು ಬಂದ ಮೇಲೆ ಸಾಬರು ಮನೆಗೆ ಓಡಿ ಬಂದರು. "ಯಾರ್ದೋ ನಜರ್ ಆಗೈತೆ, ಕೆಟ್ಟ ಕಣ್ಣು ಬಿದ್ದೈತೆ ಅಮ್ಮ," ಅಂತ ಕಣ್ಣು ಒರೆಸಿಕೊಂಡರು.

ಬಟ್ಟಲು ತಂದು ಅವರ ಕೈಗೆ ಕೊಟ್ಟೆ. ಎಣ್ಣೆ ಹಂಗೇ ಇತ್ತು. "ಹೆಬ್ಬೆಟ್ಟು ಒತ್ತಿ ಹಿಡ್ಕೊಳ್ಳಿ ಸಾಬ್ರೆ." ಒತ್ತಿದರು. ಜಾರಿತು. ಮತ್ತೆ ಒತ್ತಿದರು.

"ಬಣ್ಣ ಇಲ್ದೆ ಕೊಡೋಕೆ ಮನಸು ಬರಾಕಿಲ್ಲ ಅಮ್ಮ," ಅಂದರು ಮೆಲ್ಲಗೆ.

"ಗೊತ್ತು. ಕಾಫಿ ಕುಡ್ಕೊಂಡು ಹೋಗಿ," ಅಂದೆ. ಬೇಕಂತ ಮಾಡಿದ್ದಲ್ಲ. ಹಾಗಂತ ಮಾಡಿಲ್ಲ ಅಂತಲೂ ಅಲ್ಲ.

ಮಗ ಮಲಗಿದಲ್ಲಿಂದಲೇ, "ಮುಂದಿನ ವಾರ ಗ್ಯಾರೇಜು ತೆಗೀತೀನಿ," ಅಂದ. ಒಂದು ಕೈಯಲ್ಲಾದರೂ ಗಾಡಿ ಕೆಳಗೆ ಹೋಗೋನೇ ಅವನು. ನಾನು ಅಲ್ಲಿ ದಿನಾ ಕೂರೋಕಾಗುತ್ತಾ?

ಬೆಳಿಗ್ಗೆ ಎದ್ದೋಳೇ ವೆಲ್ಡಿಂಗ್‌ನವನ ಹತ್ತಿರ ಹೋದೆ. ಗಾಡಿ ಹೊರೋ ಕಬ್ಬಿಣದ ಸ್ಟ್ಯಾಂಡು ನಾಲ್ಕು ಮಾಡು, ಮುಗಿಯೋವರೆಗೂ ಇಲ್ಲೇ ಇರ್ತೀನಿ ಅಂತ ಕೂತೆ. ಮಾಡಿದ. ಗೂಡು ಬೇರೆ ಗಾಡೀಲಿ ಹೋಗಿತ್ತು, ಆ ಪಿಕಪ್ಪು ಇನ್ನೂ ಗ್ಯಾರೇಜಲ್ಲೇ ಇತ್ತು. ನಾಲ್ಕರ ಮೇಲೂ ಅದನ್ನ ಏರಿಸಿ ಕೂರಿಸಿದೆವು.

"ಗಟ್ಟಿ ಐತೇನಪ್ಪ?"

"ಆನೆ ನಿಲ್ಲಿಸಿ ಅಜ್ಜಿ."

"ಆನೆ ಬ್ಯಾಡ. ನೀನು ಕೆಳಗೆ ಮಲಿಕ್ಕೊ."

ನಕ್ಕ. ನಾನು ನಗಲಿಲ್ಲ. ಟವೆಲ್ಲು ಹಾಸಿ, ದೇವರ ಹೆಸರು ಹೇಳಿ ಒಳಗೆ ತೂರಿದ. ನಾನು ಸೆರಗು ಸಿಕ್ಕಿಸಿಕೊಂಡು ಗಾಡಿಗೆ ಭುಜ ಕೊಟ್ಟು ಅಲ್ಲಾಡಿಸಿದೆ.