ಎಣ್ಣೆಗಾಯಿ ಸೇರದ ಅತಿಥಿ

ಇಂದಿರಾನಗರದ ನಮ್ಮ ಆಫೀಸಿನಲ್ಲಿ ನೀರಿನ ಪಂಪುಗಳ ವಿನ್ಯಾಸ ಮಾಡುತ್ತೇವೆ. ಕೆಲವು ತಿಂಗಳ ಮಟ್ಟಿಗೆ ನಮ್ಮ ತಂಡದೊಡನೆ ಕೆಲಸ ಮಾಡಲು ನೆದರ್‌ಲ್ಯಾಂಡ್ಸ್‌ನಿಂದ ಒಬ್ಬ ಇಂಜಿನಿಯರ್ ಬಂದರು. ನನ್ನದೇ ವಯಸ್ಸಿನ ಹೆಂಗಸು. ಅವರು ನಡೆದರೆ ಜೊತೆಗಿದ್ದವರು ಓಡಬೇಕು, ಅಂಥ ಎತ್ತರ. ಒಂದು ಸಂಜೆ ಇಬ್ಬರೂ ಲಿಫ್ಟಿನಲ್ಲಿ ಇಳಿಯುವಾಗ ಮಾತಿಲ್ಲದೆ ಮುಜುಗರವಾಗಿ, "ಒಂದ್ಸಲ ನಮ್ಮನೆಗೆ ಊಟಕ್ಕೆ ಬನ್ನಿ" ಎಂದೆ. ಗದಗಿನ ಕಡೆಯವಳು ನಾನು. ಮನೆಗೆ ಬನ್ನಿ ಎನ್ನದೆ ಯಾರನ್ನೂ ಬೀಳ್ಕೊಟ್ಟು ಗೊತ್ತಿಲ್ಲ. ಕರೆದವರೆಲ್ಲ ಬರುವುದಿಲ್ಲ ಎಂಬುದೂ ಗೊತ್ತು.

ಅವರು ಫೋನು ತೆಗೆದು "ಯಾವತ್ತು?" ಎಂದರು.

"ಭಾನುವಾರ" ಎಂದೆ, ಬಾಯಿಗೆ ಬಂದದ್ದು.

"ಎಷ್ಟು ಗಂಟೆಗೆ?"

"ಮಧ್ಯಾಹ್ನ."

"ಮಧ್ಯಾಹ್ನ ಅಂದರೆ?"

ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ಹನ್ನೆರಡೂವರೆ ಎಂದು ನಿಶ್ಚಯವಾಗಿಹೋಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಖರೇನ ಬರ್ತಾರೇನು?" ಎಂದ.

"ಫೋನ್‌ನ್ಯಾಗ ಬರ್ಕೊಂಡಾರ."

"ಹಂಗಾರ ಬರ್ತಾರ ಬಿಡು."

ನಾವಿರುವುದು ಹಲಸೂರಿನಲ್ಲಿ, ಮರ್ಫಿ ಟೌನಿಗೆ ಹೊಂದಿಕೊಂಡ ಬೀದಿಯ ಒಂದು ಮಹಡಿ ಮನೆ. ಕೆಳಗೆ ಮನೆಯೊಡತಿ ಅಜ್ಜಿಯ ಸಂಸಾರ. ಆ ಬೀದಿಯ ಅರ್ಧ ಭಾಗ ಒಂದು ಕಾಲಕ್ಕೆ ಅವರ ಮಾವನ ಸೊಪ್ಪಿನ ತೋಟವಾಗಿತ್ತಂತೆ. ನಾನು ಏನು ವಿಶೇಷ ಮಾಡಿದರೂ ಒಂದು ಬಟ್ಟಲು ಕೆಳಗೆ ಕೊಡುವುದು ರೂಢಿ.

ನಮ್ಮಲ್ಲಿ ಹನ್ನೆರಡೂವರೆ ಎಂದರೆ ಒಂದೂವರೆ. ಹಾಗಾಗಿ ಭಾನುವಾರ ಸರಿಯಾಗಿ ಹನ್ನೆರಡೂವರೆಗೆ ಬಾಗಿಲ ಗಂಟೆ ಬಾರಿಸಿದಾಗ ಗಂಡ ಬಚ್ಚಲಲ್ಲಿದ್ದ, ನನ್ನ ಕೈ ಜೋಳದ ಹಿಟ್ಟಿನಲ್ಲಿತ್ತು. ಬಾಗಿಲಲ್ಲಿ ಒಂದು ದೊಡ್ಡ ಗುಂಡು ಚೀಸ್ ಹಿಡಿದು ಅತಿಥಿ ನಿಂತಿದ್ದರು. ಅವರ ಹಿಂದೆಯೇ, ಬಂದವರು ಯಾರೆಂದು ನೋಡಲು ಅಜ್ಜಿ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಚಟ್ನಿಪುಡಿ. ಅಜ್ಜಿ ತಮ್ಮ ಊಟವಾಗಿದೆ ಎಂದು ಕುರ್ಚಿ ಎಳೆದುಕೊಂಡು ಕೂತರು. ಅತಿಥಿ ನಿಧಾನವಾಗಿ ತಿಂದು, "ರೊಟ್ಟಿ ಬಹಳ ಚೆನ್ನಾಗಿದೆ. ಬದನೆಕಾಯಿ ನನಗೆ ಇಷ್ಟವಾಗಲಿಲ್ಲ" ಎಂದರು. ಹೊರಗೆ ಬಿಸಿಲಿದೆ ಎಂದು ಹೇಳುವಂಥ ದನಿಯಲ್ಲಿ.

ನನ್ನ ಕಿವಿ ಬಿಸಿಯಾಯಿತು. ನಮ್ಮ ಮನೆಗಳಲ್ಲಿ ಉಪ್ಪಿಲ್ಲದ ಸಾರನ್ನೂ ಅತಿಥಿಗಳು ಹೊಗಳಿ ಉಂಡು ಹೋಗುತ್ತಾರೆ.

"ಏನಂದ್ಳು?" ಎಂದರು ಅಜ್ಜಿ.

"ಬದ್ನೆಕಾಯಿ ಚೆನ್ನಾಗಿದೆ ಅಂತ."

ಅಜ್ಜಿ ತಡಮಾಡದೆ ಎದ್ದು, ಸೌಟು ತೆಗೆದು ಅತಿಥಿಯ ತಟ್ಟೆಗೆ ಇನ್ನೂ ಎರಡು ಹಾಕಿದರು. ಅತಿಥಿ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲವೇ?" ಎಂದು ಕೇಳಿದರು. ಗಂಡ ತಲೆ ತಗ್ಗಿಸಿದ್ದ. ಅವನ ಭುಜ ಕುಲುಕುತ್ತಿತ್ತು. ಬೇರೆ ದಾರಿಯಿಲ್ಲದೆ ಅಜ್ಜಿಗೆ ನಿಜ ಹೇಳಿದೆ.

"ಅಷ್ಟೇನಾ? ಬಿಡ್ಲಿ ಬಿಡು" ಎಂದರು ಅಜ್ಜಿ. "ನಂಗೂ ಸೇರಲ್ಲ ಅದು."

"ಯಾವ್ದು?"

"ನಿನ್ ಎಣ್ಣೆಗಾಯಿ. ಶೇಂಗಾ ಜಾಸ್ತಿ ಸುರೀತೀಯ. ನೀನು ಪಾಪ ಬಟ್ಲು ಹಿಡ್ಕೊಂಡ್ ಬಂದ್ರೆ ಬೇಡ ಅನ್ನಕ್ಕಾಗತ್ತಾ? ಮೊಮ್ಮಗ ತಿಂದ್ಕೊತಾನೆ."

ಇದನ್ನೂ ನಾನೇ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಅತಿಥಿ ಅಜ್ಜಿಯ ಕಡೆ ಕೈ ಚಾಚಿದರು, ಇಬ್ಬರೂ ಗಂಭೀರವಾಗಿ ಕೈ ಕುಲುಕಿದರು. ಆ ಎರಡು ಬದನೆಕಾಯಿ ಗಂಡನ ತಟ್ಟೆ ಸೇರಿದವು. ಅಷ್ಟು ಹೊತ್ತು ತಡೆದುಕೊಂಡಿದ್ದ ನಗುವನ್ನು ಅವನು ಬಿಟ್ಟೇಬಿಟ್ಟ. ಆಮೇಲೆ ನಾನೂ ನಕ್ಕೆ.

ಸೋಮವಾರ ಆಫೀಸಿನಲ್ಲಿ ಅವರೇ ಕೇಳಿದರು, "ನಿನ್ನೆ ನಿಮಗೆ ಬೇಜಾರಾಯಿತೇ?"

"ಸ್ವಲ್ಪ."

"ರೊಟ್ಟಿ ಚೆನ್ನಾಗಿದೆ ಎಂದೂ ಹೇಳಿದೆನಲ್ಲ. ಅದನ್ನು ನಂಬಿದಿರಿ ತಾನೆ?"

ಅದು ಹೌದು. ನನ್ನ ರೊಟ್ಟಿಯ ಬಗ್ಗೆ ಅಷ್ಟು ನಂಬುವಂಥ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಆ ಧೈರ್ಯದಲ್ಲಿ ನಾನೂ ನಿಜ ಹೇಳಿದೆ: ಲಿಫ್ಟಿನಲ್ಲಿ ಬನ್ನಿ ಎಂದದ್ದು ಬರೀ ಮಾತಿಗೆ, ನಮ್ಮಲ್ಲಿ ಹಾಗೆ ಅನ್ನುತ್ತೇವೆ ಎಂದು. ಅವರ ಮುಖ ಕುತ್ತಿಗೆಯವರೆಗೆ ಕೆಂಪಾಯಿತು.

"ಹಾಗಾದರೆ ಕರೆಯದ ಮನೆಗೆ ಬಂದುಬಿಟ್ಟೆನೇ?"

"ಈಗ ಕರೀತಾ ಇದ್ದೀನಿ. ಈ ಭಾನುವಾರ ಬನ್ನಿ. ಬರೀ ರೊಟ್ಟಿ, ಪಲ್ಯ."

ಬಂದರು. ಇಲ್ಲಿರುವವರೆಗೂ ಆಗಾಗ ಭಾನುವಾರ ಬರುತ್ತಲೇ ಇದ್ದರು. ಊಟವಾದ ಮೇಲೆ ಕೆಳಗಿಳಿದು ಅಜ್ಜಿಯ ಜಗುಲಿಯ ಮೇಲೆ ಕೂರುವುದು ರೂಢಿಯಾಯಿತು. ಅಜ್ಜಿಗೆ ಕನ್ನಡ, ತಮಿಳು ಬಿಟ್ಟರೆ ಬೇರೆ ಬಾರದು. ಅತಿಥಿಗೆ ಈ ಎರಡೂ ಬಾರದು. ಆದರೂ ಮಾತು ನಡೆಯುತ್ತಿತ್ತು.

ಒಂದು ದಿನ ಅವರು ಹೋದ ಮೇಲೆ, "ಅಷ್ಟ್ ಹೊತ್ತು ಏನ್ ಮಾತಾಡ್ತೀರಿ ಅಜ್ಜಿ?" ಎಂದು ಕೇಳಿದೆ.

"ಎಲ್ಲಾನೂ. ಪಾಪ, ಅವಳ ಅಮ್ಮಂಗೆ ಮಂಡಿ ನೋವಂತೆ, ಮೆಟ್ಲು ಹತ್ತಕ್ಕಾಗಲ್ವಂತೆ."

ನಾನು ನಂಬಲಿಲ್ಲ. ಮರುದಿನ ಆಫೀಸಿನಲ್ಲಿ ವಿಚಾರಿಸಿದೆ. ಹೌದಂತೆ, ಎರಡೂ ಮಂಡಿ.