ಊಟಕ್ಕೆ ಕರೆಯದವರು

ವೀರಮ್ಮ, ನಿನ್ನ ಅಪ್ಪ ಶಾಲೆಯ ಹಣ ಮುಟ್ಟಿದ್ದು ನಿಜ. ಆದರೆ ಅವರು ಜೈಲಿಗೆ ಹೋದದ್ದು ಅಷ್ಟಕ್ಕೇ ಅಲ್ಲ — ನನ್ನ ಅಪ್ಪ ಕದ್ದದ್ದಕ್ಕೂ ಸೇರಿಸಿ. ಒಪ್ಪಿಕೊಳ್ಳಲು ಹೇಳಿದವನು ನಾನು, ನಿನಗೆ ಅಕ್ಷರ ಕಲಿಸಿದ ಮೇಷ್ಟ್ರು.

ಗುಮಾಸ್ತರಾಗಿದ್ದ ನಿನ್ನ ಅಪ್ಪ ನಿನ್ನ ಅಮ್ಮನ ಮದ್ದಿಗೆಂದು ಫೀಸಿನ ಹಣದಲ್ಲಿ ಸ್ವಲ್ಪ ತೆಗೆದಿದ್ದರು. ಕಟ್ಟಡದ ಹಣ ಮಾತ್ರ ಪಂಪ್‌ಸೆಟ್ಟಾಗಿ ನಮ್ಮ ತೋಟದ ಬಾವಿಗೆ ಇಳಿದಿತ್ತು. ಶಾಲೆಯ ಮ್ಯಾನೇಜರ್ ನನ್ನ ಅಪ್ಪನೇ ತಾನೆ! ತೇನಿಯ ಶಿಕ್ಷಣ ಕಚೇರಿಯಿಂದ ಬಂದ ಅಧಿಕಾರಿ ಲೆಕ್ಕದಲ್ಲಿ ಕೊರತೆ ಹಿಡಿದ ದಿನ ಅಪ್ಪ ನನ್ನ ಮುಖ ನೋಡಿದ. ನಾನು ನಿನ್ನ ಅಪ್ಪನ ಹತ್ತಿರ ಹೋದೆ.

ತಮಿಳುನಾಡಿಗೆ ಬಂದು ತಲೆಮಾರುಗಳಾದರೂ ನಾವು ಬಿಡದ ನಮ್ಮ ಕುಲದ ಕೂಟದ ಪದ್ಧತಿ ನಿನಗೆ ಗೊತ್ತು. ತಪ್ಪು ಮಾಡಿದವನು ಎಲ್ಲವನ್ನೂ ಒಪ್ಪಿ, ದಂಡ ಕಟ್ಟಿ, ಹಿರಿಯರ ಕಾಲಿಗೆ ಬಿದ್ದರೆ ಎಬ್ಬಿಸಿ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕುತ್ತಾರೆ. ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಕೋರ್ಟೂ ಹಾಗೆಯೇ ಎಂದು ನಾನು ನಿನ್ನ ಅಪ್ಪನಿಗೆ ಹೇಳಿದೆ. ಹಾಗಲ್ಲವೆಂದು ನನಗೆ ಗೊತ್ತಿತ್ತು — ಮಧುರೆಯಲ್ಲಿ ಓದಿ ಬಂದವನು, ಥೂ.

“ಎಲ್ಲಾನೂ ಒಪ್ಕೊ ಅಣ್ಣಾ. ದಂಡ ನಾವು ಕಟ್ತೀವಿ.”

ಅವರು ನಂಬಿದರು. ಕೋರ್ಟಿನಲ್ಲಿ ಕೇಳಿದ್ದಕ್ಕೆಲ್ಲ ಹೌದು ಎಂದರು. ತಾವೇ ಕಟಕಟೆಯಿಂದಿಳಿದು ನ್ಯಾಯಾಧೀಶರ ಕಾಲಿಗೆ ಬೀಳಲು ಹೋದರು. ಪೊಲೀಸಿನವನು ತೋಳು ಹಿಡಿದು ಎಳೆದ. ಎರಡು ವರ್ಷ ಎಂದು ತಮಿಳಿನಲ್ಲಿ ತೀರ್ಪು ಓದಿದರು. ನಾನು ಏಳಬೇಕಿತ್ತು, ಒಂದು ಮಾತು… ಅಪ್ಪನ ಕೈ ನನ್ನ ತೊಡೆಯ ಮೇಲಿತ್ತು. ಒತ್ತಿ ಹಿಡಿದೇನೂ ಇರಲಿಲ್ಲ, ಸುಮ್ಮನೆ ಇಟ್ಟಿದ್ದ. ಆದರೂ ನನ್ನಿಂದ ಏಳಲಾಗಲಿಲ್ಲ.

ಕರೆದೊಯ್ಯುವಾಗ ನಿನ್ನ ಅಪ್ಪ ನನ್ನ ಬೆಂಚಿನ ಹತ್ತಿರ ನಿಂತರು.

“ಒಪ್ಕೊಂಡ್ನಲ್ಲ ತಂಬಿ. ಊಟಕ್ಕೆ ಯಾವಾಗ ಕರೀತಾರೆ?”

ಯಾರೂ ಕರೆಯಲಿಲ್ಲ. ಬಿಡುಗಡೆಯಾಗಿ ಬಂದಮೇಲೂ ಇಲ್ಲ. ನಮ್ಮವರ ಮದುವೆಗಳಲ್ಲಿ ಅವರು ಚಪ್ಪರದ ಅಂಚಿನಲ್ಲಿ ನಿಂತಿರುತ್ತಿದ್ದರು. ಸಾಂಬಾರಿನ ಬಕೆಟ್ ಹಿಡಿದ ನಾನು ಅವರ ಕಣ್ಣು ತಪ್ಪಿಸಿ ಬೇರೆ ಸಾಲಿಗೆ ಹೋಗುತ್ತಿದ್ದೆ. ಹಾಗೇ ಕಾದು ಕಾದು ತೀರಿಕೊಂಡರು.

ಈಗ ನನ್ನ ಅಪ್ಪನೂ ಇಲ್ಲ. ಅದಕ್ಕೇ ಧೈರ್ಯ ಬಂತೇನೋ — ಎಂಥ ಧೈರ್ಯ ಇದು! ಬರುವ ಅಮಾವಾಸ್ಯೆಗೆ ಕೂಟ ಸೇರುತ್ತದೆ. ಪಂಪ್‌ಸೆಟ್ಟಿನ ಮಾತೂ, ಕೋರ್ಟಿನ ಮಾತೂ, ಎಲ್ಲವನ್ನೂ ಹೇಳುತ್ತೇನೆ. ನೀನು ಬಂದು ಎದುರಿಗೇ ಕೂತು ಕೇಳು. ಕಾಲಿಗೆ ಮಾತ್ರ ಬೀಳುವುದಿಲ್ಲ, ವೀರಮ್ಮ — ಬಿದ್ದರೆ ನನ್ನನ್ನು ಎಬ್ಬಿಸಿ ಊಟಕ್ಕೆ ಕೂರಿಸಿಬಿಡುತ್ತಾರೆ.