ಎಂಬತ್ತು ರೂಪಾಯಿಯ ತಾಳಿ

ಎಂಬತ್ತು ರೂಪಾಯಿ ಕೊಟ್ಟು ನಾನು ನನಗೇ ಒಂದು ತಾಳಿ ಕೊಂಡೆ. ಬಳೆ ಅಂಗಡಿಯವನು ನೂರೈವತ್ತು ಹೇಳಿದ್ದ. ರಬಕವಿಯ ಸೀರೆಗಳನ್ನು ಮನೆಮನೆಗೆ ಹೊತ್ತು ಮಾರಿ ನರ್ಸಿಂಗ್ ಕಾಲೇಜಿನ ಫೀ ತುಂಬಿದವಳು ನಾನು, ಬಂಗಾರದ ನೀರು ಕುಡಿಸಿದ ಹಿತ್ತಾಳೆಗೆ ಎಷ್ಟು ಕೊಡಬೇಕೆಂದು ಬಲ್ಲೆ. ಮದುವೆಯಾಗದವಳಿಗೆ ತಾಳಿ ಯಾಕೆ ಎಂದರೆ, ಮೆಡಿಕಲ್ ಅಂಗಡಿಯಲ್ಲಿ ಬಸಿರು ಪರೀಕ್ಷೆಯ ಕಿಟ್ ಕೇಳಬೇಕಿತ್ತು. ಕಿಟ್ ಬೇಕಾಗಿದ್ದು ನನ್ನ ರೂಮಿನ ಗೆಳತಿಗೆ. ಅವಳಿಗೆ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯವಿರಲಿಲ್ಲ.

ಆಗ ನಾವು ಜಮಖಂಡಿಯಲ್ಲಿ ಕೊನೆಯ ವರ್ಷ ಓದುತ್ತಿದ್ದೆವು, ಇಬ್ಬರೂ ಇಪ್ಪತ್ತೊಂದು ದಾಟಿದವರು. ಗೆಳತಿ ಗಲಗಲಿಯವಳು. ನಿಶ್ಚಿತಾರ್ಥ ಆಗಿತ್ತು, ಮದುವೆ ಮಾತ್ರ ಪರೀಕ್ಷೆ ಮುಗಿದ ಮೇಲೆ. ಅಣ್ಣನ ಲಗ್ನಕ್ಕೆ ಊರಿಗೆ ಹೋಗುವಾಗ ಮುಟ್ಟು ಮುಂದೂಡುವ ಗುಳಿಗೆ ನುಂಗಿದ್ದಳು. ನಮ್ಮ ಹಾಸ್ಟೆಲಿನಲ್ಲಿ ಅದೊಂದು ರೂಢಿ. ಹಬ್ಬವಿರಲಿ, ಮನೆದೇವರ ಪೂಜೆಯಿರಲಿ, ಊರಿಗೆ ಹೊರಟವಳ ಚೀಲಕ್ಕೆ ಹಿರಿಯ ಹುಡುಗಿಯರು ಬುತ್ತಿ ಕಟ್ಟಿಕೊಟ್ಟಂತೆ ಆ ಗುಳಿಗೆ ಹಾಕಿ ಕಳಿಸುತ್ತಿದ್ದರು. ಡಾಕ್ಟರನ್ನು ಕೇಳುವ ಪದ್ಧತಿಯೇ ಇರಲಿಲ್ಲ.

ಲಗ್ನ ಮುಗಿದ ಮೇಲೆ ಒಂದು ಮಧ್ಯಾಹ್ನ, ಬೀಳಗಿಯಲ್ಲಿ ಅವಳನ್ನು ಮದುವೆಯಾಗಲಿದ್ದ ಹುಡುಗನ ಮನೆಯಲ್ಲಿ, ಅವರಿಬ್ಬರೇ ಇದ್ದರು. ಗುಳಿಗೆ ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬರಬೇಕು. ವಾರ ದಾಟಿದರೂ ಬರಲಿಲ್ಲ.

"ನಿರೋಧ್ ಗಿರೋಧ್ ಏನೂ ವಾಪರಿಸ್ಲಿಲ್ಲೇನ?" ಎಂದು ಕೇಳಿದೆ.

"ಯಾಕ ಬೇಕಲೇ? ಗುಳಿಗಿ ನುಂಗಾಕತ್ತಿದ್ನೆಲ್ಲ. ಅದೂ ಹಾರ್ಮೋನ್, ಇದೂ ಹಾರ್ಮೋನ್."

ಗರ್ಭನಿರೋಧದ ವಿಧಾನಗಳ ಮೇಲೆ ಪುಟಗಟ್ಟಲೆ ಉತ್ತರ ಬರೆದು ನನಗಿಂತ ಹೆಚ್ಚು ಅಂಕ ತೆಗೆದವಳು ಅವಳು! ಮುಟ್ಟನ್ನು ತಡೆದರೆ ಬಸಿರನ್ನೂ ತಡೆದಂತೆ ಎಂದು ತನ್ನ ಮಟ್ಟಿಗೆ ಲೆಕ್ಕ ಹಾಕಿಬಿಟ್ಟಿದ್ದಳು. ಅರೆಬರೆ ಓದಿದವರಿಗಷ್ಟೇ ಹೊಳೆಯುವ ಲೆಕ್ಕ ಅದು.

"ಅವ್ವಗ ಗೊತ್ತಾತಂದ್ರ ನಾಳೆನ ಕಾಲೇಜ್ ಬಿಡಸ್ತಾಳ. ಪರೀಕ್ಷಾಕ ಕುಂಡ್ರೂದು ಕನಸ," ಎಂದು ಅತ್ತಳು. ಅದು ನಿಜವೆಂದು ನನಗೂ ಗೊತ್ತಿತ್ತು.

ಜಮಖಂಡಿಯ ಔಷಧಿ ಅಂಗಡಿಯವರಿಗೆಲ್ಲ ಆಸ್ಪತ್ರೆ ಡ್ಯೂಟಿಯಿಂದಾಗಿ ನಮ್ಮ ಮುಖ ಪರಿಚಯ. ಬನಹಟ್ಟಿಗೆ ಹೋದರೆ ಅಲ್ಲಿ ತುಂಬ ನನ್ನ ಬಳಗ. ಹೀಗಾಗಿ ಮುಧೋಳದ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ತಾಳಿ ಹಾಕಿಕೊಂಡಾಗ ಗೆಳತಿ ಗಾಬರಿಯಾದಳು.

"ಲಗ್ನ ಆಗಲಾರದ ತಾಳಿ ಹಾಕ್ಕೊತಾರೇನಲೇ? ಅಪಶಕುನ!"

"ನಿಂದೇನು ಶಕುನ ನೋಡಿ ಆಗೇತೇನ? ಸುಮ್ನ ಕೂಡು."

ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಇದ್ದಳು. ಗೆಳತಿ ಹೊರಗೇ ನಿಂತಳು. ನಾನು ಸಣ್ಣ ದನಿಯಲ್ಲಿ ಎರಡು ಕಿಟ್ ಕೇಳಿದೆ. ಅವಳು ನನ್ನ ಕೊರಳು ನೋಡಿದಳು, ಆಮೇಲೆ ಕಾಲು ನೋಡಿದಳು.

"ತಾಳಿ ಭಾಳ ಹೊಸಾದ ಕಾಣಸ್ತೈತಿ. ಕಾಲುಂಗರ ಮನ್ಯಾಗ ಮರತ ಬಂದ್ರೇನು?"

"ಕಾಲಿಗೆ ಬಾವು ಬಂದೈತ್ರೀ," ಎಂದೆ. ಕಾಲು ಹಿಂದಕ್ಕೆ ಎಳೆದುಕೊಂಡೆ.

"ಹೂಂ. ನಾವು ಇಲ್ಲಿ ರೊಕ್ಕ ಕೇಳ್ತೇವಿ ತಂಗಿ, ತಾಳಿ ಕೇಳಂಗಿಲ್ಲ," ಎಂದು ನಕ್ಕು, ಪೇಪರಿನಲ್ಲಿ ಸುತ್ತಿ ಕೊಟ್ಟಳು. ಚೌಕಾಸಿ ಮಾಡದೆ ದುಡ್ಡು ಕೊಟ್ಟು ಓಡಿಬಂದೆ.

ಮರುದಿನ ಬೆಳಿಗ್ಗೆ ಕಿಟ್‌ನಲ್ಲಿ ಒಂದೇ ಗೆರೆ ಬಂತು, ಅಂದರೆ ಬಸಿರಿಲ್ಲ. ಗೆಳತಿ ನನ್ನನ್ನು ತಬ್ಬಿಕೊಂಡು ಕುಣಿದಳು. ನಾನು ಬೆರಳು ಮಡಚಿ ದಿನ ಎಣಿಸಿದೆ.

"ತಡಿ ಲೇ. ಇದು ಭಾಳ ಲಗೂನ ಆತು. ನೀವಿಬ್ರೂ ಕೂಡಿದ ದಿನದಿಂದ ಮೂರು ವಾರ ತುಂಬ್ಲಿ, ಮತ್ತ ನೋಡೂಣು."

ಅವಳ ಮುಖ ಬಾಡಿತು. ಆ ದಿನಗಳಲ್ಲೇ ನಮಗೆ ಹೆರಿಗೆ ವಾರ್ಡಿನ ಡ್ಯೂಟಿ ಬಿತ್ತು. ಗರ್ಭಿಣಿಯರ ಹೊಟ್ಟೆ ಮುಟ್ಟಿ ನೋಡುವಾಗ ಗೆಳತಿ ಅಲ್ಲೇ ಕೈಯಿಟ್ಟು ಮೈಮರೆತು ನಿಂತುಬಿಡುತ್ತಿದ್ದಳು. "ಏನ್ರೀ ಸಿಸ್ಟರ್, ಕೂಸು ಅಡ್ಡ ಐತೇನ್ರಿ?" ಎಂದು ಒಬ್ಬಾಕೆ ಹೆದರಿಯೇಬಿಟ್ಟಳು. ಹುಡುಗನ ಫೋನ್ ಬಂದರೆ ಗೆಳತಿ ಎತ್ತುತ್ತಿರಲಿಲ್ಲ. ಪುಸ್ತಕ ತೆರೆದು ಒಂದೇ ಪುಟ ನೋಡುತ್ತ ಕೂರುತ್ತಿದ್ದಳು. ನನಗೂ ಊಟ ರುಚಿಸುತ್ತಿರಲಿಲ್ಲ.

ಎರಡನೆಯ ಕಿಟ್‌ನಲ್ಲೂ ಒಂದೇ ಗೆರೆ. ಮರುದಿನ ಮುಟ್ಟು ಬಂತು. ಅವಳು ಪುಸ್ತಕ ಹಿಡಿದು ಓದಲು ಕುಳಿತಳು. ಇನ್ನು ಆ ತಾಳಿಯನ್ನು ಬಳೆ ಅಂಗಡಿಯವನಿಗೇ ಅರ್ಧ ರೇಟಿಗೆ ತಿರುಗಿ ಕೊಡಬೇಕೆಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನಮಗಿಂತ ಒಂದು ವರ್ಷ ಚಿಕ್ಕವಳಾದ ಹುಡುಗಿ ಬಾಗಿಲಲ್ಲಿ ನಿಂತಳು. ಗೆಳತಿ ಸಮಾಧಾನವಾದ ಖುಷಿಯಲ್ಲಿ ಅವಳಿಗೆ ಎಲ್ಲ ಹೇಳಿದ್ದಳಂತೆ.

"ಅಕ್ಕಾರ, ಆ ತಾಳಿ ಒಂದ ದಿನ ಕೊಡ್ತೀರೇನ್ರಿ?"

"ಯಾಕಬೇ?"

ಅವಳು ನೆಲ ನೋಡಿದಳು. "ನಾನೂ ಅದ ಗುಳಿಗಿ ನಂಬಿದ್ನಿರಿ."

ಈ ಹಾಸ್ಟೆಲಿನಲ್ಲಿ ಇನ್ನೆಷ್ಟು ಮಂದಿ ಹೀಗೆ ನಂಬಿದ್ದಾರೋ! ತಾಳಿ ಕೊಡಲಿಲ್ಲ. "ತಾಳಿ ಬ್ಯಾಡ, ನಾನ ಬರ್ತೇನಿ ನಡಿ," ಎಂದು ಚಪ್ಪಲಿ ಮೆಟ್ಟಿದೆ.

ನೀವೂ ಕೇಳಿಸಿಕೊಳ್ಳಿ. ಮುಟ್ಟು ಮುಂದೂಡುವ ಗುಳಿಗೆ ಬಸಿರು ತಡೆಯುತ್ತದೆಂದು ನಂಬಬೇಡಿ, ಡಾಕ್ಟರನ್ನು ಕೇಳದೆ ಅದನ್ನು ನುಂಗಲೂಬೇಡಿ. ನಿರೋಧ್ ಬಳಸಿ, ಅದು ರೋಗವನ್ನೂ ತಡೆಯುತ್ತದೆ. ಎಡವಟ್ಟಾದರೆ ಅವತ್ತೇ ಬಸಿರು ತಡೆಯುವ ತುರ್ತು ಗುಳಿಗೆ ಕೇಳಿ. ತಡವಾದಷ್ಟೂ ಅದರ ಬಲ ಕಡಿಮೆ. ಕಿಟ್ ಎರಡು ತನ್ನಿ, ಕೂಡಿದ ದಿನದಿಂದ ಮೂರು ವಾರ ತುಂಬುವ ತನಕ ಒಂದು ಗೆರೆಯನ್ನು ನಂಬಿ ಕುಣಿಯಬೇಡಿ. ಎರಡು ಗೆರೆ ಬಂದರೆ ಅಂದೇ ಡಾಕ್ಟರ ಹತ್ತಿರ ಹೋಗಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಗೆಳತಿಯನ್ನು ಕರೆದುಕೊಳ್ಳಿ. ತಾಳಿಗೆ ಮಾತ್ರ ದುಡ್ಡು ಹಾಕಬೇಡಿ. ಬಳೆ ಅಂಗಡಿಯವನು ಅದನ್ನು ತಿರುಗಿ ತೆಗೆದುಕೊಳ್ಳುವುದಿಲ್ಲ.